ಅಪ್‌ಡೇಟ್: ಕಂತಿನ ಒಪ್ಪಂದ ಬಿಟ್ಟು ದಿವಾಳಿ ಅರ್ಜಿ ಹಾಕಿದೆ

ಸಾಲ ಕೊಟ್ಟವರ ಜೊತೆಗಿನ ಕಂತಿನ ಒಪ್ಪಂದ ಮುಂದುವರಿಸಲೋ, ದಿವಾಳಿ ಅರ್ಜಿ ಹಾಕಲೋ ಅಂತ ಕೇಳಿದ್ದೆ, ಅಲ್ವಾ? ಮದುವೆ ಸೀಸನ್ ಮುಗಿದ ಮೇಲೆ ವಡಗಾವಿಯ ನನ್ನ ಟೇಲರ್ ಅಂಗಡಿಯಿಂದ ಕಂತು ಹುಟ್ಟಲೇ ಇಲ್ಲ. ಬೆಳಗಾವಿ ಕೋರ್ಟಿನಲ್ಲಿ ಅರ್ಜಿ ಹಾಕಿದೆ.

2016ರ ದಿವಾಳಿ ಸಂಹಿತೆ ನಮ್ಮಂಥವರಿಗೆ ಇನ್ನೂ ಜಾರಿಯಾಗಿಲ್ಲ. 2019ರ ಡಿಸೆಂಬರಿನಿಂದ ಕಂಪನಿ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಹಾಗಾಗಿ ಹಳೇ ಕಾನೂನು, ಸಿವಿಲ್ ಕೋರ್ಟೇ ಗತಿ.

ಅರ್ಜಿಗೆ ಸಾಲದ ಪಟ್ಟಿ ಬರೆಯುವಾಗ ವಕೀಲರು, "ಕೈಗಡಾನೂ ಬಿಡಬೇಡ್ರಿ" ಅಂದರು. ಸೋದರಮಾವನ ಹೆಸರೂ ಬರೆದೆ. ಈಗ ಅವರು ಮಾತು ಬಿಟ್ಟಿದ್ದಾರೆ! ಹೊಲಿಗೆ ಮಷೀನು, ಅಡುಗೆ ಪಾತ್ರೆ ಜಪ್ತಿ ಮಾಡುವಂತಿಲ್ಲ. ಅಡವಿಟ್ಟ ಬಂಗಾರದ ಆಸೆ ಬಿಟ್ಟಿದ್ದೇನೆ. ನನ್ನ ಸಾಲ ತೀರಿತು ಅಂತ ಕೋರ್ಟ್ ಹೇಳಿದರೂ ಜಾಮೀನು ನಿಂತ ತಮ್ಮನಿಗೆ ಬಿಡುಗಡೆ ಇಲ್ಲ. ಜಾಸ್ತಿ ಚಿಂತೆ ಅದೇ.