ಬೆಳಗಿನ ಜಾವ ದೂರದೇಶದ ಎಎಂ ಸ್ಟೇಷನ್ ಹಿಡಿಯುವುದು ಹೇಗೆ? ಅನುಭವ ಇದ್ದವರು ಹೇಳಿ

ಎರಡು ವಾರದಿಂದ ಸೂರ್ಯ ಹುಟ್ಟುವ ಮುಂಚೆ ಎದ್ದು ಕೂರುತ್ತಿದ್ದೇನೆ. ಇರುವುದು ಪುಟ್ಟ ಡಿಜಿಟಲ್ ರೇಡಿಯೋ. ಆಟೋ ಸ್ಕ್ಯಾನ್ ಹಾಕಿದರೆ ಹತ್ತಿರದ ಸ್ಟೇಷನ್‌ಗಳಲ್ಲೇ ನಿಲ್ಲುತ್ತದೆ. ಸಮುದ್ರದಾಚೆಯ ಒಂದಾದರೂ ಸ್ಟೇಷನ್ ಕೇಳಬೇಕು ಅಂತ ಆಸೆ. ಹೊಸ ರೇಡಿಯೋ ಕೊಳ್ಳಬೇಕಾ?

— ಬೇಡ. ಸ್ಕ್ಯಾನ್ ಮಾತ್ರ ಬಿಟ್ಟುಬಿಡಿ. ಅದು ನಿಲ್ಲುವುದು ಜೋರಾದ ಸಿಗ್ನಲ್ ಸಿಕ್ಕಾಗ. ದೂರದ ಸ್ಟೇಷನ್ ಇರುವುದು ಗರಗರ ಸದ್ದಿನ ಅಡಿಯಲ್ಲಿ. ನಾನೂ ಮೊದಲ ತಿಂಗಳು ಪೂರ್ತಿ ಆ ಕಡೆ ಈ ಕಡೆ ತಿರುಗಿಸುತ್ತಲೇ ಕಳೆದೆ. ಆಮೇಲೆ ಒಂದು ದಿನ ಒಂದೇ ಫ್ರೀಕ್ವೆನ್ಸಿ ಹಿಡಿದು, ಹೆಡ್‌ಫೋನ್ ಹಾಕಿಕೊಂಡು ಸುಮ್ನೆ ಕೂತೆ. ಇಪ್ಪತ್ತು ನಿಮಿಷ ಏನೂ ಇಲ್ಲ. ಆಮೇಲೆ ಗರಗರದೊಳಗಿಂದ ಒಬ್ಬ ಹೆಂಗಸಿನ ದನಿ ಮೇಲೆದ್ದು ಬಂತು. ವಾರ್ತೆ ಓದುವ ಧಾಟಿ. ಭಾಷೆ ತಿಳಿಯಲಿಲ್ಲ, ಆದರೆ ಆಕೆ ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತಿತ್ತು. ಮೂರು ನಾಲ್ಕು ನಿಮಿಷ ಇದ್ದು, ವಾಕ್ಯದ ನಡುವೆಯೇ ಮುಳುಗಿಹೋಯಿತು. ಕಿಟಕಿಯಾಚೆ ನೋಡಿದರೆ ಬೆಳಕು ಹರಿದಿತ್ತು.

— ಮೇಲಿನವರು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಯಾವ ಸ್ಟೇಷನ್‌ಗೆ ಕಾಯಬೇಕು ಅನ್ನುವುದಕ್ಕೆ ದಿಕ್ಕು ನೋಡಬೇಕು. ಹಗಲಲ್ಲಿ 60ರಿಂದ 90 ಕಿ.ಮೀ. ಎತ್ತರದಲ್ಲಿ, ಬಿಸಿಲಿಗೆ ವಿದ್ಯುತ್ ಕಣಗಳು ತುಂಬಿಕೊಳ್ಳುವ ಡಿ ಪದರ ಅಂತ ಒಂದಿದೆ. ಅದು ಮೀಡಿಯಂ ವೇವ್ (ನಿಮ್ಮ ರೇಡಿಯೋದ ಎಎಂ) ಸಿಗ್ನಲ್ಲನ್ನು ನುಂಗಿಬಿಡುತ್ತದೆ. ರಾತ್ರಿ ಆ ಪದರ ಹೆಚ್ಚುಕಮ್ಮಿ ಕರಗಿಹೋಗುತ್ತದೆ. ಆಗ ಸಿಗ್ನಲ್ ಇನ್ನೂ ಮೇಲಿನ ಪದರಕ್ಕೆ ತಾಗಿ, ಸಾವಿರಾರು ಕಿ.ಮೀ. ಆಚೆ ಇಳಿಯುತ್ತದೆ. ನಿಮಗೆ ಬೆಳಗಾಗುವಾಗ ಪೂರ್ವದಲ್ಲಿ ಆಗಲೇ ಬಿಸಿಲು, ಅಲ್ಲಿನ ಸ್ಟೇಷನ್‌ಗಳು ಹೋಗಿಬಿಟ್ಟಿರುತ್ತವೆ. ಪಶ್ಚಿಮದಲ್ಲಿ ಇನ್ನೂ ಕತ್ತಲು. ಅಲ್ಲಿನವು ನಿಮ್ಮ ಸೂರ್ಯೋದಯದ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ಉಬ್ಬಿ ಬಂದು ಇಳಿದುಬಿಡುತ್ತವೆ. ಪೂರ್ವದವು ಬೇಕು ಅಂದರೆ ಅಲ್ಲಿ ಸೂರ್ಯ ಹುಟ್ಟುವ ಹೊತ್ತು ನೋಡಿಕೊಂಡು ಇನ್ನೂ ಮುಂಚೆ ಏಳಬೇಕು.

ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯವರು ಬೆಳಗಿನ ಜಾವ ಜಪಾನ್, ಕೊರಿಯಾ ಕೇಳುವುದು ಹೀಗೆಯೇ. ಅವರಿಗೆ ಇನ್ನೊಂದು ಅನುಕೂಲವಿದೆ. ಅಮೆರಿಕ ಖಂಡಗಳಲ್ಲಿ ಫ್ರೀಕ್ವೆನ್ಸಿಗಳ ನಡುವೆ 10 ಕಿಲೋಹರ್ಟ್ಸ್ ಅಂತರ, ಉಳಿದ ಕಡೆ 9. ಹಾಗಾಗಿ ಟೋಕಿಯೋದ 300 ಕಿಲೋವಾಟ್‌ನ ಎನ್‌ಎಚ್‌ಕೆ (ಜಪಾನಿನ ಸಾರ್ವಜನಿಕ ರೇಡಿಯೋ), 594 ಕಿಲೋಹರ್ಟ್ಸ್‌ನಲ್ಲಿ, ಅವರಿಗೆ 590 ಮತ್ತು 600ರ ನಡುವಿನ ಸಂದಿಯಲ್ಲಿ ಸಿಗುತ್ತದೆ. ನಿಮ್ಮ ರೇಡಿಯೋದಲ್ಲಿ ಈ ಅಂತರದ 9/10 ಸೆಟ್ಟಿಂಗ್ ನಿಮ್ಮ ಕಡೆಗೆ ಸರಿಯಾಗಿದೆಯಾ, 1 ಕಿಲೋಹರ್ಟ್ಸ್‌ನಂತೆ ಸರಿಯಲು ಬರುತ್ತದಾ, ಮೊದಲು ನೋಡಿ.

— ಎಲ್ಲರೂ ಆಕಾಶದ ಮಾತಾಡುತ್ತಿದ್ದಾರೆ. ಮನೆಯೊಳಗಿನ ಗದ್ದಲವೇ ಜಾಸ್ತಿ ಕಾಟ ಕೊಡುವುದು. ಫೋನ್ ಚಾರ್ಜರ್, ಎಲ್‌ಇಡಿ ಬಲ್ಬು, ಟಿವಿ. ರೇಡಿಯೋವನ್ನು ಬ್ಯಾಟರಿಯಲ್ಲಿ ಹಾಕಿಕೊಂಡು, ಖಾಲಿ ಫ್ರೀಕ್ವೆನ್ಸಿಯಲ್ಲಿಟ್ಟು, ಮನೆ ತುಂಬ ಓಡಾಡಿ. ಎಲ್ಲಿ ಗುಂಯ್‌ಗುಡುವುದು ಜೋರಾಗುತ್ತದೋ ಅಲ್ಲೇ ಕಳ್ಳ ಇದ್ದಾನೆ. ನನ್ನದು ಮಂಚದ ಪಕ್ಕದ ಒಂದು ಚಾರ್ಜರ್. ಅದನ್ನು ಪ್ಲಗ್‌ನಿಂದ ಕಿತ್ತ ಕ್ಷಣ ಬ್ಯಾಂಡ್‌ನ ಅರ್ಧ ಭಾಗ ತಿಳಿಯಾಯಿತು.

ಆಮೇಲೆ ರೇಡಿಯೋವನ್ನೇ ತಿರುಗಿಸಿ. ಉದ್ದಕ್ಕೆ ಎಳೆಯುವ ಆಂಟೆನಾ ಸಾಮಾನ್ಯವಾಗಿ ಎಎಂಗೆ ಲೆಕ್ಕಕ್ಕಿಲ್ಲ. ಕೆಲಸ ಮಾಡುವುದು ಒಳಗಿನ ಫೆರೈಟ್ ಕಡ್ಡಿ, ಅಂದರೆ ತಂತಿ ಸುತ್ತಿದ ಕಪ್ಪು ಕಾಂತೀಯ ಕಡ್ಡಿ. ಅದರ ತುದಿ ಯಾವ ಕಡೆಗಿದೆಯೋ ಆ ಕಡೆಯಿಂದ ಬರುವುದು ಕುಗ್ಗುತ್ತದೆ. ಮೇಜಿನ ಮೇಲಿಟ್ಟು ಒಂದೊಂದೇ ಬೆರಳಿನಷ್ಟು ತಿರುಗಿಸುತ್ತಾ ಬನ್ನಿ. ಹತ್ತಿರದ ಸ್ಟೇಷನ್ ಸಣ್ಣದಾಗುತ್ತಾ ಹೋಗಿ, ಒಂದು ಕೋನದಲ್ಲಿ ಫಕ್ಕನೆ ಬಿದ್ದುಹೋಗುತ್ತದೆ. ಅದರ ಅಡಿಯಲ್ಲಿದ್ದದ್ದು ಆಗ ಕೇಳಿಸುತ್ತದೆ.

— ನಾನು ಎಸ್‌ಡಿಆರ್ (ಕಂಪ್ಯೂಟರ್ ಸಾಫ್ಟ್‌ವೇರ್‌ನಿಂದ ನಡೆಯುವ ರೇಡಿಯೋ) ಇಟ್ಟುಕೊಂಡು ಇಡೀ ಬ್ಯಾಂಡ್ ರೆಕಾರ್ಡ್ ಮಾಡಿ, ಬಿಡುವಾದಾಗ ಕೇಳುತ್ತೇನೆ. ಏನೂ ತಪ್ಪಿಹೋಗುವುದಿಲ್ಲ. ಆದರೂ ಕತ್ತಲಲ್ಲಿ ಕಾದು ಹಿಡಿದ ಖುಷಿ ಬೇರೆ, ಅಲ್ವಾ. ಶುರು ಮಾಡುವವರಿಗೆ ನಿಮ್ಮ ಪುಟ್ಟ ರೇಡಿಯೋನೇ ಸರಿ.

— ದನಿ ಅಲೆಯಂತೆ ಏರಿಳಿದರೆ ರೇಡಿಯೋ ಕೆಟ್ಟಿದೆ ಅಂದುಕೊಳ್ಳಬೇಡಿ. ಮೇಲಿನ ಪದರಕ್ಕೆ ತಾಗಿ ಬೇರೆ ಬೇರೆ ದಾರಿಯಲ್ಲಿ ಬಂದ ಅಲೆಗಳು ಒಂದನ್ನೊಂದು ಕೂಡುತ್ತವೆ, ಕಳೆಯುತ್ತವೆ. ಸ್ಟೇಷನ್ ತೀರಾ ದೂರವಿಲ್ಲದಿದ್ದರೆ ನೆಲದ ಮೇಲಿಂದ ಬಂದ ಅಲೆಯೂ ಜೊತೆಗೆ ಸೇರುತ್ತದೆ. 1924ರಲ್ಲಿ ಬ್ರಿಟಿಷ್ ಭೌತವಿಜ್ಞಾನಿ ಎಡ್ವರ್ಡ್ ಆಪಲ್ಟನ್ ಬಿಬಿಸಿಯ ಬೋರ್ನ್‌ಮತ್ ಟ್ರಾನ್ಸ್‌ಮಿಟರ್‌ನ ಫ್ರೀಕ್ವೆನ್ಸಿಯನ್ನು ಸ್ವಲ್ಪ ಸ್ವಲ್ಪವೇ ಬದಲಿಸಿ, ಈ ಏರಿಳಿತ ಎಣಿಸಿಯೇ ಪದರದ ಎತ್ತರ ಲೆಕ್ಕ ಹಾಕಿದ್ದು. 1947ರಲ್ಲಿ ಅವರಿಗೆ ನೊಬೆಲ್ ಬಂತು.

ಗಂಟೆ ತುಂಬುವ ಎರಡು ನಿಮಿಷ ಮುಂಚೆ, ಎರಡು ನಿಮಿಷ ಆಮೇಲೆ ಏನೇ ಆದರೂ ಎದ್ದು ಹೋಗಬೇಡಿ. ಸ್ಟೇಷನ್ ತನ್ನ ಹೆಸರು ಹೇಳುವುದು ಸಾಮಾನ್ಯವಾಗಿ ಆಗಲೇ. ಸಮಯವನ್ನು ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ಬರೆದಿಡಿ, ಜೊತೆಗೆ ಕೇಳಿಸಿದ್ದನ್ನು ಹಾಗೆಯೇ: ಗಂಡಸಿನ ದನಿ, ಪಿಪ್ ಪಿಪ್ ಸದ್ದು, ಹಾಡು, ಏನಿದ್ದರೂ. ಮುಂದೆ ಸ್ಟೇಷನ್‌ಗೆ ವರದಿ ಕಳಿಸಿ ಕ್ಯೂಎಸ್‌ಎಲ್ ಕಾರ್ಡ್ (ನೀವು ಕೇಳಿದ್ದು ನಮ್ಮನ್ನೇ ಅಂತ ಸ್ಟೇಷನ್ ಕಳಿಸುವ ಕಾರ್ಡ್) ಕೇಳುವಾಗ ಅದೇ ಸಾಕ್ಷಿ.

— ಪ್ರಶ್ನೆ ಕೇಳಿದವನು ನಾನೇ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಚಾರ್ಜರ್‌ಗಳನ್ನೆಲ್ಲ ಕಿತ್ತಿಟ್ಟು ಐದು ದಿನ ಒಂದೇ ಫ್ರೀಕ್ವೆನ್ಸಿಗೆ ಕೂತೆ. ಇವತ್ತು ಯಾವುದೋ ತಂತಿವಾದ್ಯ, ಹಿಂದೆಯೇ ಗಂಡಸಿನ ದನಿ, ಎರಡು ನಿಮಿಷ. ಗಂಟೆ ತುಂಬಲು ಇನ್ನೂ ಆರು ನಿಮಿಷ ಇರುವಾಗಲೇ ಹೋಯಿತು. ಹೆಸರು ಸಿಗಲಿಲ್ಲ. ಬರೆದಿಟ್ಟಿದ್ದೇನೆ. ನಾಳೆಯೂ ಅದೇ ಜಾಗಕ್ಕೆ ಕೂರುತ್ತೇನೆ.