ಮನಾಲಿ ಹತ್ತಿರ ಹಿಮದಲ್ಲಿ ಮರದ ಮನೆ: ರಾತ್ರಿ ಕೋಣೆಗೆ ಅಂಗೀಠಿ ಸಾಕಾ?

ಕಡಿಯಾಳಿ_ಉಡುಪಿ:
ಜನವರಿ ಮೂರನೇ ವಾರ ನಾಲ್ಕು ರಾತ್ರಿಗೆ ಹೋಗುವುದು ಅಂತ ಉಂಟು. ನಾವಿಬ್ಬರು, 6 ಮತ್ತು 11 ವರ್ಷದ ಮಕ್ಕಳು, 68 ವರ್ಷದ ಅಮ್ಮ (ಇನ್ಸುಲಿನ್ ತೆಗೆದುಕೊಳ್ಳುತ್ತಾರೆ). ಅಡುಗೆಮನೆ ಇರುವ ಎರಡು ಮರದ ಮನೆ ನೋಡಿದ್ದೇವೆ. ಒಂದು ಸಿಸ್ಸುವಿನಲ್ಲಿ, ಇನ್ನೊಂದು ಸೋಲಂಗ್ ದಾರಿಯಲ್ಲಿ. ಸೋಲಂಗಿನವರು "ರಾತ್ರಿ ಕೋಣೆಗೆ ಕೆಂಡದ ಅಂಗೀಠಿ ಕೊಡುತ್ತೇವೆ" ಅಂತಾರೆ. ಸಾಕಾಗುತ್ತದಾ? ಅಮ್ಮನಿಗೆ ಕುಚ್ಚಲಕ್ಕಿ ಗಂಜಿ ಬೇಕೇ ಬೇಕು, ಅಲ್ಲಿ ಬೇಯುತ್ತದಾ?

ಸುರತ್ಕಲ್_ಕಡಲು:
ಮಾರಾಯ್ರೆ, ಅಂಗೀಠಿ ಮಾತ್ರ ಬೇಡ. ಉಳಿದದ್ದು ಆಮೇಲೆ ಮಾತಾಡುವ. ಕೆಂಡದಲ್ಲಿ ಹೊಗೆ ಕಾಣುವುದಿಲ್ಲ, ಹಾಗಾಗಿ ತೊಂದರೆಯಿಲ್ಲ ಅಂತ ತೋರುತ್ತದೆ. ಆದರೆ ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ನಮ್ಮಲ್ಲಿ ಬಚ್ಚಲೊಲೆ ಉರಿಸಿದರೂ ಹೆಂಚಿನ ಸಂದಿಯಲ್ಲಿ ಗಾಳಿ ಓಡಾಡುತ್ತದೆ. ಅಲ್ಲಿ ಚಳಿಗೆ ಕಿಟಕಿ ಸಂದಿಗೂ ಬಟ್ಟೆ ತುರುಕಿ ಮಲಗುವುದು. ತಲೆನೋವು, ಓಕರಿಕೆ ಮೊದಲು ಬರುತ್ತದೆ. ಎಚ್ಚರ ಇದ್ದವರು ಎತ್ತರದ ತಲೆನೋವು ಅಂದುಕೊಳ್ಳುತ್ತಾರೆ, ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ.

ಕೇಳಬೇಕಾದದ್ದು ಎರಡು: ಕರೆಂಟಿನ ಆಯಿಲ್ ಹೀಟರ್ ಉಂಟಾ, ಅಥವಾ ಬುಖಾರಿ ಉಂಟಾ? ಬುಖಾರಿ ಅಂದರೆ ಮುಚ್ಚಿದ ತಗಡಿನ ಸೌದೆ ಒಲೆ, ಅದರ ಹೊಗೆಕೊಳವೆ ಮಾಡಿನಿಂದ ಹೊರಗೆ ಹೋಗಬೇಕು. ಆಯಿಲ್ ಹೀಟರ್ ಆದರೆ 2500 ವ್ಯಾಟ್, ಹತ್ತಿರ ಹತ್ತಿರ 11 ಆಂಪಿಯರ್. ಎರಡನ್ನು ಒಂದೇ 16 ಆಂಪಿಯರ್ ಲೈನಿಗೆ ಹಾಕಿದರೆ ಟ್ರಿಪ್ ಆಗುವುದು ಖಂಡಿತ. ಹಿಮ ಬಿದ್ದ ದಿನ ಕರೆಂಟೂ ಹೋಗುತ್ತದೆ, ಜನರೇಟರಿಗೆ ಹೀಟರ್ ಎಳೆಯುವ ತಾಕತ್ತು ಉಂಟಾ ಅಂತ ಕೇಳಿಕೊಳ್ಳಿ.

ಕಂಕನಾಡಿ_ಕ್ರಾಸ್:
ಜಾಗದ ಬಗ್ಗೆ. ಮಂಗಳೂರು, ಉಡುಪಿ ಸಮುದ್ರಮಟ್ಟ. ಮನಾಲಿ ಸುಮಾರು 2050 ಮೀಟರ್, ಸೋಲಂಗ್ 2500 ದಾಟುತ್ತದೆ, ಸಿಸ್ಸು 3100ರ ಹತ್ತಿರ. ಸಿಸ್ಸುವಿನಲ್ಲಿ ಹಿಮ ಹೆಚ್ಚು ಖಾತ್ರಿ, ನಿಜ. ಆದರೆ 68 ವರ್ಷದವರನ್ನು ಮೊದಲ ರಾತ್ರಿಯೇ ಅಲ್ಲಿ ಮಲಗಿಸುವುದು ಸರಿಯಲ್ಲ. ಇನ್ನೊಂದು, ಸಿಸ್ಸು 9.02 ಕಿಲೋಮೀಟರ್‌ನ ಅಟಲ್ ಸುರಂಗದ ಆಚೆ. ಜೋರು ಹಿಮ ಬಿದ್ದರೆ ಪ್ರವಾಸಿಗರನ್ನು ಬಿಡುವುದಿಲ್ಲ, ಒಳಗಿದ್ದವರು ಒಳಗೇ. ನಾಲ್ಕು ರಾತ್ರಿಯ ಲೆಕ್ಕದಲ್ಲಿ ಅದಕ್ಕೆ ಜಾಗ ಇಲ್ಲ. ಮನಾಲಿಗೂ ಸೋಲಂಗಿಗೂ ನಡುವೆ ಉಳಿದು, ಮೂರನೇ ದಿನ ದಾರಿ ತೆರೆದಿದ್ದರೆ ಸಿಸ್ಸು ನೋಡಿ ಸಂಜೆಗೆ ವಾಪಸ್ ಬನ್ನಿ.

ಭುಂತರ್ (ಮನಾಲಿಗೆ ಹತ್ತಿರದ ಕುಲ್ಲು ವಿಮಾನ ನಿಲ್ದಾಣ) ವಿಮಾನ ನಂಬಬೇಡಿ, ಮೋಡ ಕವಿದರೆ ರದ್ದು. ಬಜ್ಪೆಯಿಂದ ದಿಲ್ಲಿ, ಅಲ್ಲಿಂದ ಚಂಡೀಗಢದಲ್ಲಿ ಒಂದು ರಾತ್ರಿ, ಬೆಳಿಗ್ಗೆ ಟ್ಯಾಕ್ಸಿ. ಇದು ನಾಲ್ಕು ರಾತ್ರಿಯ ಹೊರಗಿನ ಲೆಕ್ಕ. ಮನೆ ಮುಖ್ಯ ರಸ್ತೆಯಿಂದ ಎಷ್ಟು ಮೀಟರ್ ಮೇಲೆ ಅಂತ ಫೋನಲ್ಲಿ ಕೇಳಿ, ಫೋಟೋದಲ್ಲಿ ಅದು ಕಾಣುವುದಿಲ್ಲ. ಬೆಳಿಗ್ಗೆ ಹತ್ತರ ಮೊದಲು ನೆರಳಿನ ತಿರುವುಗಳಲ್ಲಿ ಗಾಜಿನಂಥ ಹಿಮ ಇರುತ್ತದೆ, ಒದ್ದೆ ಟಾರಿನ ಹಾಗೇ ಕಾಣುತ್ತದೆ. ಫೋರ್ ಬೈ ಫೋರ್ ಆದರೂ ಜಾರುತ್ತದೆ, ಚೈನ್ ಇರುವ ಸ್ಥಳೀಯ ಗಾಡಿಯೇ ಬೇಕು.

ಬ್ರಹ್ಮಾವರ_ಅಡುಗೆಮನೆ:
ಗಂಜಿ ಬೇಯುತ್ತದೆ, ಆದರೆ ಕುಕ್ಕರ್ ತೆಗೆದುಕೊಂಡೇ ಹೋಗಿ. ಮನಾಲಿ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಕುದಿಯುತ್ತಲೇ ಇರುತ್ತದೆ, ಅಗುಳು ಅರಳುವುದಿಲ್ಲ. ಬಿಸಿನೀರಲ್ಲಿ ನಾಲ್ಕು ಗಂಟೆ ನೆನೆಹಾಕಿ, ಮನೆಯಲ್ಲಿ ಕೂಗಿಸುವುದಕ್ಕಿಂತ ಮೂರು ಸೀಟಿ ಜಾಸ್ತಿ. ಗ್ಯಾಸ್ ಸಿಲಿಂಡರ್ ಹೊರಗಿದ್ದರೆ ಬೆಳಿಗ್ಗೆ ಉರಿ ಸಣ್ಣ. ಶೂನ್ಯ ಡಿಗ್ರಿಯ ಸುಮಾರಿಗೆ ಅದರೊಳಗಿನ ಬ್ಯೂಟೇನ್ ಆವಿಯಾಗುವುದು ನಿಲ್ಲುತ್ತದೆ. ಗಂಜಿ ರಾತ್ರಿಯೇ ಮಾಡಿಟ್ಟು ಬೆಳಿಗ್ಗೆ ಬಿಸಿ ಮಾಡುವುದು ಒಳ್ಳೆಯದು.

ತೆಂಗಿನೆಣ್ಣೆ ಬಾಟಲಿಯಲ್ಲಿ ಒಯ್ಯಬೇಡಿ. ಕಲ್ಲಾಗುತ್ತದೆ, ಕತ್ತಿನಲ್ಲೇ ಬಿಳಿ ಬಿರಡೆ ಹಾಕಿದ ಹಾಗೆ ನಿಲ್ಲುತ್ತದೆ, ಹಿಂಡಿದರೂ ಬಾರದು. ಅಗಲ ಬಾಯಿಯ ಡಬ್ಬಿಗೆ ಹಾಕಿ, ಚಮಚದಲ್ಲಿ ಕೆತ್ತಿ ತೆಗೆಯಬಹುದು. ಮಕ್ಕಳ ತುಟಿಗೂ ಮೂಗಿನ ಹೊಳ್ಳೆಗೂ ಅದೇ ಹಚ್ಚಿ, ಒಣಗಾಳಿಗೆ ಮೂಗಿನಿಂದ ರಕ್ತ ಬರುವುದುಂಟು.

ಅಮ್ಮನ ಇನ್ಸುಲಿನ್ ಲಗೇಜಿಗೆ ಹಾಕಲೇಬೇಡಿ, ಕೈಚೀಲದಲ್ಲಿರಲಿ. ಅಲ್ಲಿ ಒಳಜೇಬಿನಲ್ಲಿ. ಒಮ್ಮೆ ಹೆಪ್ಪುಗಟ್ಟಿದರೆ ಕರಗಿದ ಮೇಲೂ ಬಳಸಬಾರದು. ಕಿಟಕಿಯ ಪಕ್ಕ, ಒಲೆಯ ಪಕ್ಕ ಎರಡೂ ಬೇಡ.

ಬಟ್ಟೆ: ಒಳಗೆ ಹತ್ತಿ ಬನಿಯನ್ ಬೇಡ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಥರ್ಮಲ್, ಮೇಲೆ ಫ್ಲೀಸ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಸ್ನೋ ಸೂಟು, ಗಂಬೂಟು ಸೋಲಂಗ್ ದಾರಿಯಲ್ಲಿ ಬಾಡಿಗೆಗೆ ಸಿಗುತ್ತವೆ, ಕೊಂಡುಕೊಳ್ಳುವುದು ದಂಡ. ಬೂಟು ಬಿಗಿಯಾಗುವಂತೆ ಎರಡೆರಡು ಕಾಲುಚೀಲ ಹಾಕಿದರೆ ರಕ್ತ ಓಡದೆ ಬೆರಳು ಇನ್ನೂ ತಣ್ಣಗಾಗುತ್ತದೆ.

ಕಡಿಯಾಳಿ_ಉಡುಪಿ:
ಅಂಗೀಠಿ ಮನೆ ಬಿಟ್ಟೆವು. ಸೋಲಂಗಿಗೆ ಮೊದಲು ಬುಖಾರಿ ಇರುವ ಒಂದು ಮನೆ ಸಿಕ್ಕಿತು, ರಸ್ತೆಯಿಂದ 60 ಮೀಟರ್. ಹೋದ ಕೂಡಲೇ ಏನು ನೋಡಬೇಕು?

ಸುರತ್ಕಲ್_ಕಡಲು:
ಹೊಗೆಕೊಳವೆಯ ಗೆಣ್ಣುಗಳು. ಸಂದು ಇದ್ದರೆ ಸುತ್ತ ಮಸಿ ಹಿಡಿದಿರುತ್ತದೆ. ಹಾಗಿದ್ದರೆ ಉರಿಸುವ ಮೊದಲು ಸರಿ ಮಾಡಿಸಿ. ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂ ಆನ್‌ಲೈನಲ್ಲಿ ಸಿಗುತ್ತದೆ, ಒಂದು ತೆಗೆದುಕೊಂಡು ಹೋಗಿ ಮಲಗುವ ಕೋಣೆಯಲ್ಲಿಡಿ. ಕಿಟಕಿ ಎರಡು ಬೆರಳು ತೆರೆದಿರಲಿ, ಮಲಗುವ ಮೊದಲು ಸೌದೆ ತುಂಬಬೇಡಿ.

ಸಂಜೆಯೇ ಎರಡು ಬಕೆಟ್ ನೀರು ತುಂಬಿಸಿಡಿ. ರಾತ್ರಿ ಒಂದು ನಲ್ಲಿಯಲ್ಲಿ ದಾರದಷ್ಟು ನೀರು ಬರುತ್ತಿರಲಿ, ಹರಿಯುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಬೆಳಿಗ್ಗೆ ನಲ್ಲಿ ಕಟ್ಟಿದ್ದರೆ ಗೀಸರ್ ಸ್ವಿಚ್ ಮುಟ್ಟಬೇಡಿ, ನೀರಿಲ್ಲದೆ ಕಾದರೆ ಕಾಯಿಲ್ ಸುಡುತ್ತದೆ. ಬಿಸಿಲು ಏರಿದ ಮೇಲೆ ಪೈಪು ತಾನೇ ಬಿಟ್ಟುಕೊಳ್ಳುತ್ತದೆ.