ಕಾಫಿ ಸಸಿಯ ಗುಂಡಿಗೆ ಹಾಕುವ ಜೆಲ್: ಬೇಕಾದಾಗ ತಾನೇ ನೀರು ಬಿಡುತ್ತದೆಯಾ?

ಸುಂಟಿಕೊಪ್ಪದ ಬೆಳೆಗಾರ:
ಹೋದ ಜೂನ್‌ನಲ್ಲಿ ಸತ್ತ ಗಿಡಗಳ ಜಾಗಕ್ಕೆ 300 ರೋಬಸ್ಟಾ ಸಸಿ ಹಾಕಿದ್ದೆ. ಮಳೆಗಾಲ ಚೆನ್ನಾಗಿಯೇ ಕಳೆಯಿತು. ಆಮೇಲೆ ಹೂಮಳೆ, ಅಂದರೆ ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ, ಕೈಕೊಟ್ಟಿತು. ಮಾರ್ಚ್ ಮುಗಿಯುವಷ್ಟರಲ್ಲಿ ಇಳಿಜಾರಿನ ಮೇಲ್ಭಾಗದ ಸಸಿಗಳು ಅರ್ಧಕ್ಕರ್ಧ ಒಣಗಿದವು. ಬುಡ ಕೆದಕಿದರೆ ಮಣ್ಣು ಗೋಡೆಯಷ್ಟು ಗಟ್ಟಿ. ನೋಡಿ ಹೊಟ್ಟೆ ಉರಿಯಿತು.

ಈ ಸಲ ಗುಂಡಿಗೆ ಜೆಲ್ ಪುಡಿ ಹಾಕಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಗಿಡಮೂಲದ್ದಂತೆ, ಗಿಡಕ್ಕೆ ಬೇಕಾದಾಗ ತಾನೇ ನೀರು ಬಿಡುತ್ತದಂತೆ. ಯಾವಾಗ ಬಿಡಬೇಕು ಅಂತ ಒಂದು ಪುಡಿಗೆ ಗೊತ್ತಾಗುವುದು ಹೇಗೆ? ಮಣ್ಣಿಗೆ ಪ್ಲಾಸ್ಟಿಕ್ ಸೇರಿಸಿದ ಹಾಗೆ ಆಗುವುದಿಲ್ವಾ?

ವಿರಾಜಪೇಟೆಯವನು, ಪಾಲಿಮರ್ ಲ್ಯಾಬಿನಲ್ಲಿ ಕೆಲಸ:
ಅಣ್ಣ, ಇದೇ ಜಾತಿಯ ವಸ್ತು ನಿಮ್ಮ ಅಡುಗೆಮನೆಯಲ್ಲಿದೆ. ಹುತ್ತರಿ ಸಮಯದಲ್ಲಿ ರಾತ್ರಿ ಉಳಿದ ಪಂದಿ ಕರಿಯನ್ನು ಬೆಳಿಗ್ಗೆ ನೋಡಿ. ಬಿಳಿ ಕೊಬ್ಬಿನ ಪದರದ ಕೆಳಗೆ ಗ್ರೇವಿ ಗಟ್ಟಿಯಾಗಿ ತಳತಳ ಅಲುಗಾಡುತ್ತದೆ. ಅದು ಜೆಲಾಟಿನ್. ಚರ್ಮ, ಮೂಳೆಯಲ್ಲಿರುವ ಕೊಲಾಜನ್ ಅನ್ನುವ ಪ್ರೋಟೀನ್ ಬೆಂದು ಬಿಡಿ ಎಳೆಗಳಾಗಿರುತ್ತದೆ. ತಣ್ಣಗಾದಾಗ ಆ ಎಳೆಗಳು ಮತ್ತೆ ಹೆಣೆದುಕೊಂಡು ನೀರನ್ನು ಒಳಗೇ ಹಿಡಿಯುತ್ತವೆ. ಬಾಯಿಗೆ ಹಾಕಿದರೆ ಕರಗುತ್ತದೆ, ಯಾಕೆಂದರೆ ಮೈಬಿಸಿಗಿಂತ ಕಡಿಮೆ ಕಾವಿಗೇ ಆ ಹೆಣಿಗೆ ಬಿಚ್ಚುತ್ತದೆ. ಏಡಿ, ಸೀಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್‌ನ ಜೆಲ್ ಹುಳಿ ಸೋಕಿದರೆ ಉಬ್ಬುತ್ತದೆ. ಹೀಗೆ ಒಂದೊಂದಕ್ಕೆ ಒಂದೊಂದು ಸೂಚನೆ.

ನಿಮ್ಮ ಪುಡಿಗೆ ಸೂಚನೆ ಅಂದರೆ ನೀರು ಮತ್ತು ಉಪ್ಪು. ಅದರ ಎಳೆಗಳ ಮೇಲೆಲ್ಲ ಮೈನಸ್ ಚಾರ್ಜ್ ಇದೆ. ಒದ್ದೆಯಾದಾಗ ಒಂದನ್ನೊಂದು ದೂಡಿ ಬಲೆ ಹಿಗ್ಗುತ್ತದೆ. ಸುತ್ತಲಿನ ಮಣ್ಣು ಒಣಗಿದಾಗ ಬೇರು ಎಳೆದಷ್ಟು ನೀರು ಬಿಡುತ್ತದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪೂಸಾ ಹೈಡ್ರೋಜೆಲ್ ಅನ್ನುವ ಇಂಥದೇ ಪುಡಿ ತನ್ನ ತೂಕದ 350 ಪಟ್ಟು ನೀರು ಹಿಡಿಯುತ್ತದೆ. ಆದರೆ ಅದು ಶುದ್ಧ ನೀರಿನ ಲೆಕ್ಕ. ನಾವು ಮಣ್ಣು ಹುಳಿ ಅಂತ ಸುಣ್ಣ ಹಾಕುತ್ತೇವೆ ಅಲ್ವಾ? ಸುಣ್ಣದ ಕ್ಯಾಲ್ಸಿಯಂ ಎರಡೆರಡು ಎಳೆಗಳನ್ನು ಸೇರಿಸಿ ಕಟ್ಟಿಬಿಡುತ್ತದೆ. ಆಗ ಜೆಲ್ ಮುದುಡುತ್ತದೆ. ಗೊಬ್ಬರದ ಉಪ್ಪೂ ಅಷ್ಟಿಷ್ಟು ಇದೇ ಕೆಲಸ ಮಾಡುತ್ತದೆ.

ಪ್ಲಾಸ್ಟಿಕ್ ಪ್ರಶ್ನೆ ಸರಿಯಾಗಿಯೇ ಕೇಳಿದ್ದೀರಿ. ಪೂಸಾದ್ದು ಸೆಲ್ಯುಲೋಸ್‌ಗೆ, ಅಂದರೆ ಗಿಡದ ನಾರಿನ ವಸ್ತುವಿಗೆ, ಅಕ್ರಿಲೇಟ್ ಅನ್ನುವ ಕೃತಕ ಪಾಲಿಮರ್ ಕಸಿ ಕಟ್ಟಿದ್ದು. ಸೆಲ್ಯುಲೋಸ್ ಭಾಗವನ್ನು ಮಣ್ಣಿನ ಜೀವಾಣುಗಳು ತಿನ್ನುತ್ತವೆ, ಅಕ್ರಿಲೇಟ್ ಬಹಳ ನಿಧಾನವಾಗಿ ಒಡೆಯುತ್ತದೆ. ಬರೀ ಪಿಷ್ಟದ್ದೋ ಕಡಲಪಾಚಿಯದ್ದೋ ಜೆಲ್ ಆದರೆ ಪೂರ್ತಿ ಕೊಳೆಯುತ್ತದೆ, ಆದರೆ ಜೂನ್‌ನಲ್ಲಿ ಹಾಕಿದ್ದು ಮಾರ್ಚ್‌ಗೆ ಉಳಿದಿರುವ ಭರವಸೆ ಇಲ್ಲ. ಗಿಡಮೂಲ ಅನ್ನುವ ಒಂದು ಮಾತು ಸಾಲದು. ಯಾವುದರಿಂದ ಮಾಡಿದ್ದು ಅಂತ ಕೇಳಿಯೇ ತಗೊಳ್ಳಿ.

ಸೋಮವಾರಪೇಟೆ ಅಕ್ಕ:
ನಾನು ಒಮ್ಮೆ ಒಣ ಪುಡಿಯನ್ನೇ ಗುಂಡಿಗೆ ಸುರಿದಿದ್ದೆ, ಗುಂಡಿಗೆ ಒಂದು ಹಿಡಿ. ಜುಲೈ ಮಳೆಗೆ ಜೆಲ್ ಉಬ್ಬಿ ಮಣ್ಣನ್ನು ಮೇಲಕ್ಕೆತ್ತಿತು. ಸಸಿಗಳು ವಾಲಿ, ಬೇರು ಸಡಿಲವಾಯಿತು. ಮುಂದಿನ ವರ್ಷ ನೀರಿನಲ್ಲಿ ನೆನೆಸಿ, ನವೆಂಬರ್‌ನಲ್ಲಿ, ಬೇರಿನ ಪಕ್ಕ ಸಣ್ಣ ತೂತು ಮಾಡಿ ಸ್ವಲ್ಪವೇ ಹಾಕಿದೆ. ಅವು ನಿಂತವು. ಮೇಲೆ ದಪ್ಪಗೆ ತರಗೆಲೆ ಹಾಸಿದ್ದೆ, ಅದನ್ನು ಮಾತ್ರ ಬಿಡಬೇಡಿ.

ಸುಂಟಿಕೊಪ್ಪದ ಬೆಳೆಗಾರ:
ಇಬ್ಬರಿಗೂ ಧನ್ಯವಾದ. ಅಂಗಡಿಯಿಂದ ಸ್ಯಾಂಪಲ್ ತಂದು ಎರಡು ಗ್ಲಾಸಿಗೆ ಒಂದೊಂದು ಚಿಟಿಕೆ ಹಾಕಿದೆ. ಮಳೆನೀರಿನದ್ದು ಅರ್ಧ ಗಂಟೆಯಲ್ಲಿ ಗ್ಲಾಸಿನ ಬಾಯಿಯವರೆಗೆ ಬಂತು. ಸುಣ್ಣದ ತಿಳಿನೀರಿನದ್ದು ತಳದಲ್ಲೇ ಬಿಳಿಚಿಕೊಂಡು ಕೂತಿದೆ. ಬೆರಳಲ್ಲಿ ಒತ್ತಿದರೆ ರಬ್ಬರ್ ಥರ.

ಈ ಜೂನ್‌ನಲ್ಲಿ ನೆಡುವ ಸಸಿಗಳಲ್ಲಿ ಮೇಲ್ಭಾಗದ 20ಕ್ಕೆ ಗುಂಡಿಗೆ ಸುಣ್ಣ ಹಾಕುವುದಿಲ್ಲ. ನವೆಂಬರ್‌ನಲ್ಲಿ ಅಕ್ಕ ಹೇಳಿದ ಹಾಗೆ ನೆನೆಸಿದ ಜೆಲ್, ಮೇಲೆ ತರಗೆಲೆ. ಪಕ್ಕದ 20ಕ್ಕೆ ಬರೀ ತರಗೆಲೆ. ಏಪ್ರಿಲ್‌ನಲ್ಲಿ ಎರಡೂ ಸಾಲಿನ ಲೆಕ್ಕ ಇಲ್ಲೇ ಬರೆಯುತ್ತೇನೆ.